ಪೆನ್ಸಿಲ್ ಚುಕ್ಕಿ

ಜನವರಿ 9, ಗುರುವಾರ

ನಾನು ಈ ಮನೆಯ ಯಜಮಾನಿ. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದು, ಕೊನೆಯ ಹನ್ನೆರಡು ವರ್ಷ ಆ ಕೋಣೆಗೇ ಮುಖ್ಯಸ್ಥೆಯಾಗಿದ್ದು ನಿವೃತ್ತಳಾದವಳು. ಓದಿದ್ದು ಹೈಸ್ಕೂಲಿನವರೆಗೆ. ಆದರೆ ಉದ್ದುದ್ದ ಡಿಗ್ರಿಯ ಡಾಕ್ಟರುಗಳು ಗಾಜಿನ ಸ್ಲೈಡು ಹಿಡಿದು ನನ್ನ ಮೇಜಿನ ಮುಂದೆ ನಿಂತು, "ಮೇಡಂ, ಇದೊಂದು ಸ್ವಲ್ಪ ನೋಡಿ" ಎನ್ನುತ್ತಿದ್ದರು. ನಾನು ಮೈಕ್ರೊಸ್ಕೋಪಿಗೆ ಕಣ್ಣಿಟ್ಟು ಒಂದು ಮಾತು ಹೇಳುತ್ತಿದ್ದೆ. ಅದರ ಮೇಲೆ ಎರಡನೆಯ ಮಾತು ಇರುತ್ತಿರಲಿಲ್ಲ.

ಮನೆಯಲ್ಲೂ ಅಷ್ಟೇ. ಯಜಮಾನರು ಹೋದ ಮೇಲೆ ಇಬ್ಬರು ಮಕ್ಕಳನ್ನು ದಡ ಸೇರಿಸಿದ್ದು ನಾನೊಬ್ಬಳೇ. ಮಗ ಲಿಫ್ಟ್ ರಿಪೇರಿ ಮಾಡುತ್ತಾನೆ. ಮಗಳು ಅದೇ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿದ್ದಾಳೆ. ಇಪ್ಪತ್ತೆರಡು ವರ್ಷದ ಹಿಂದೆ ಅವಳಿಗೆ ಬೇರೆ ಊರಿನಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ಹೋಗಲಾ ಎಂದು ಕೇಳಿದಳು. ಬೇಡ ಎಂದೆ. ಒಂದೇ ಮಾತಿನಲ್ಲಿ ಮುಗಿಯಿತು. ಈಗ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಅವಳಿಗೆ ಗಂಡ, ಮಗಳು, ತಿಂಗಳ ಸಂಬಳ ಎಲ್ಲ ಇದೆ. ನನ್ನ ತೀರ್ಮಾನ ಎಂದರೆ ಹೀಗಿರುತ್ತದೆ.

ಸೊಸೆಯದ್ದೇ ತಲೆನೋವು. ಡಾಕ್ಟರೇಟ್ ಮುಗಿಸಿ ಎಂಟು ವರ್ಷವಾಯಿತು. ಕೆಲಸದ ಹೆಸರು ಕಂಪ್ಯೂಟೇಶನಲ್ ಬಯಾಲಜಿ. ಅಂದರೆ ಸೂಜಿಯಿಲ್ಲ, ಸ್ಲೈಡಿಲ್ಲ, ಕೈಗೆ ಬಣ್ಣ ಹತ್ತುವುದಿಲ್ಲ. ಇಡೀ ದಿನ ಕಂಪ್ಯೂಟರಿಗೆ ಪಾಠ ಹೇಳುವುದು. ಅದೂ ವರ್ಷ ವರ್ಷದ ಒಪ್ಪಂದದ ಮೇಲೆ. ಈ ಸಲದ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕಾಯಂ ಕೆಲಸವೊಂದಿದೆ. ನಾನು ಮಾತಾಡಿಟ್ಟು ಬಂದು ಹೇಳಿದೆ. "ನೋಡೋಣ ಅತ್ತೆ" ಎಂದಳು.

ಈ ಮನೆಯಲ್ಲಿ ನನಗೆ ಇದುವರೆಗೆ ಯಾರೂ ನೋಡೋಣ ಎಂದಿರಲಿಲ್ಲ.

ದಿನ ಮುಗಿದಾಗ ರಿಜಿಸ್ಟರ್ ಬರೆಯುವ ಅಭ್ಯಾಸ ಹೋಗಿಲ್ಲ. ಅದಕ್ಕೇ ಈ ಪುಸ್ತಕ. ಪೆನ್ಸಿಲ್ ಕೂಡ ರಕ್ತಪರೀಕ್ಷೆಯ ಕೋಣೆಯದೇ.

ಜನವರಿ 14, ಮಂಗಳವಾರ

ಬೆಳಿಗ್ಗೆ ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದಿಟ್ಟು ಸೊಸೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

"ಏನಾಯ್ತು?"

"ಚಿತ್ರಗಳಿಗೆ ಗುರುತು ಹಾಕ್ತಿದ್ದ ಡಾಕ್ಟರು ಅರ್ಧಕ್ಕೇ ಬಿಟ್ಟು ಬೇರೆ ಕೆಲಸಕ್ಕೆ ಹೋಗ್ಬಿಟ್ರು ಅತ್ತೆ. ಆರುನೂರು ಚಿತ್ರ. ಯಾವುದು ಎಳೇ ಕಣ, ಯಾವುದು ಬಲಿತಿದ್ದು ಅಂತ ತಿಳಿದವರು ಒಂದೊಂದಾಗಿ ತೋರಿಸಿಕೊಟ್ರೇನೇ ಕಂಪ್ಯೂಟರ್ ಕಲಿಯೋದು. ಮಾರ್ಚ್ ಇಪ್ಪತ್ತಕ್ಕೆ ಸಂದರ್ಶನ ಬೇರೆ."

ಸಂದರ್ಶನ ಬೇರೆ ಊರಿನ ಸಂಶೋಧನಾ ಸಂಸ್ಥೆಯದು. ಗೆದ್ದರೆ ಅವಳದೇ ಒಂದು ಪ್ರಯೋಗಾಲಯ, ಕಾಯಂ ಹುದ್ದೆ. ಸೋತರೆ, ಅವಳ ವಯಸ್ಸಿಗೆ ಇನ್ನೊಂದು ಅವಕಾಶ ಇಲ್ಲವಂತೆ.

ಪರದೆಯ ಮೇಲೆ ಒಂದು ಬಿಳಿ ರಕ್ತಕಣ ತಟ್ಟೆಯಷ್ಟು ದೊಡ್ಡದಾಗಿ ನಿಂತಿತ್ತು. ಇಂಥ ಎಳೆಯ ಕಣ ಮೂಳೆಯೊಳಗೇ ಬಲಿಯಬೇಕು; ಬಲಿಯದೆ ರಕ್ತಕ್ಕೆ ಬಂದರೆ ಒಳಗೆ ಏನೋ ಎಡವಟ್ಟಾಗಿದೆ ಎಂದು ಅರ್ಥ. "ಇದು ಎಳೇದು. ಇನ್ನೂ ಮೂರು ದಿನ ಮೂಳೆಯೊಳಗೆ ಇರ್ಬೇಕಾಗಿತ್ತು" ಎಂದೆ.

ಸೊಸೆ ನನ್ನನ್ನು ನೋಡಿದಳು. "ಅತ್ತೆ... ನೀವು ಮಾಡಿಕೊಡ್ತೀರಾ?"

"ಮೀನಿಗೆ ಈಜೋಕೆ ಬರುತ್ತಾ ಅಂತ ಕೇಳ್ತೀಯಲ್ಲೇ?"

ಆದರೆ ಸುಮ್ಮನೆ ಒಪ್ಪಲಿಲ್ಲ. ಷರತ್ತು ಹಾಕಿದೆ. ಸಂದರ್ಶನದಲ್ಲಿ ಕೆಲಸ ಸಿಗದಿದ್ದರೆ ಏಪ್ರಿಲ್ ಒಂದರಿಂದ ದಾಖಲೆ ವಿಭಾಗ, ಮರುಮಾತಿಲ್ಲ.

"ಸಿಕ್ಕಿದ್ರೆ?"

"ಸಿಕ್ಕಿದ್ರೆ ನಾನೇ ಹೋಗಿ ದಾಖಲೆ ವಿಭಾಗದವರಿಗೆ ಬೇಡ ಅಂತ ಹೇಳ್ತೀನಿ."

"ಆಯ್ತು ಅತ್ತೆ."

ಮಗ ಶೂ ಹಾಕಿಕೊಳ್ಳುತ್ತ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಇಬ್ಬರಿಗೂ ಒಂದೇ ಕಾಲ ಬಂದಿರೋದು ಇದೇ ಮೊದಲು" ಎಂದ. ಕೆಲಸಕ್ಕೆ ಹೊತ್ತಾಗುತ್ತದೆ ಹೋಗು ಎಂದೆ.

ಅವಳಿಗೆ ಸಿಗುವುದಿಲ್ಲ. ನನಗೆ ಗೊತ್ತು.

ಜನವರಿ 22, ಬುಧವಾರ

ಇನ್ನೂರ ಹತ್ತು ಚಿತ್ರ ಮುಗಿಯಿತು. ಪರದೆಯ ಕೆಳಗೆ ಎರಡು ಗುಂಡಿ: ಎಳೆ, ಬಲಿತ. ಒತ್ತಿದ ತಕ್ಷಣ ಮುಂದಿನದು ಬರುತ್ತದೆ. ಮೈಕ್ರೊಸ್ಕೋಪಿಗಿಂತ ಸುಲಭ, ಕತ್ತು ಮಾತ್ರ ನೋಯುತ್ತದೆ.

ಸೊಸೆ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುತ್ತಾಳೆ. "ಇದು ಎಳೇದು ಅಂತ ಹೇಗೆ ಗೊತ್ತಾಯ್ತು ಅತ್ತೆ?"

"ಕಂಡ್ರೆ ಗೊತ್ತಾಗುತ್ತೆ."

"ಹಾಗಂದ್ರೆ ಕಂಪ್ಯೂಟರಿಗೆ ಅರ್ಥ ಆಗಲ್ಲ."

"ಅದೂ ಮೂವತ್ನಾಲ್ಕು ವರ್ಷ ಕೂತ್ಕೊಂಡು ನೋಡ್ಲಿ. ಆಗುತ್ತೆ."

ನಗುತ್ತಾಳೆ. ಅವಳ ನಗು ಇಷ್ಟು ಜೋರಾಗಿದೆ ಎಂದು ಅವಳು ಮನೆಗೆ ಬಂದ ಈ ಆರು ವರ್ಷದಲ್ಲಿ ನಾನು ಗಮನಿಸಿರಲಿಲ್ಲ. ಸ್ವಲ್ಪ ಹೆಚ್ಚೇ ಜೋರು.

ಫೆಬ್ರವರಿ 1, ಶನಿವಾರ

ಆರುನೂರೂ ಮುಗಿಯಿತು. ಒಂದು ಚಿತ್ರಕ್ಕೂ ತಡವರಿಸಲಿಲ್ಲ. ಬೆರಳುಗಳಿಗೆ ಹಳೆಯ ಓಟ ಬಂದಿದೆ. ಊಟ ಮಾಡುವಾಗಲೂ ಮೇಜಿನ ಮೇಲೆ ಕಣ ಎಣಿಸುತ್ತಿದ್ದೆನಂತೆ, ಮಗ ಹೇಳಿದ.

ಫೆಬ್ರವರಿ 4, ಮಂಗಳವಾರ

ಇವತ್ತು ಈ ಮನೆಯಲ್ಲಿ ನನಗೆ ಅವಮಾನವಾಗಿದೆ.

ಆರುನೂರರಲ್ಲಿ ಅರವತ್ತು ಚಿತ್ರ ಎರಡೆರಡು ಸಲ ಬಂದಿದ್ದವಂತೆ. ಬೇಕೆಂದೇ ಸೇರಿಸಿದ್ದು, ನನಗೆ ಹೇಳದೆ. ಆ ಅರವತ್ತರಲ್ಲಿ ಹನ್ನೊಂದಕ್ಕೆ ನಾನು ಮೊದಲ ಸಲ ಒಂದು ಹೇಳಿ ಎರಡನೆಯ ಸಲ ಇನ್ನೊಂದು ಹೇಳಿದ್ದೇನಂತೆ.

"ನನ್ನನ್ನ ಪರೀಕ್ಷೆ ಮಾಡಿದ್ಯಾ?"

"ಎಲ್ಲರಿಗೂ ಮಾಡ್ತೀವಿ ಅತ್ತೆ. ಅದು ಪದ್ಧತಿ. ಆ ಡಾಕ್ಟರಿಗೂ ಮಾಡಿದ್ವಿ. ಅವರು ನೋಡಿದ ಅರ್ಧದಲ್ಲೇ ಹತ್ತೊಂಬತ್ತು ಬದಲಾಗಿತ್ತು. ನಿಮ್ಮದು ತುಂಬಾ ಚೆನ್ನಾಗಿದೆ."

"ಚೆನ್ನಾಗಿದೆಯಂತೆ! ಮೂವತ್ನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಹೋದ ಒಂದು ರಿಪೋರ್ಟು ವಾಪಸ್ ಬಂದಿಲ್ಲ. ನಿನ್ನ ಪರದೆ ಬಣ್ಣವೇ ಸರಿಯಿಲ್ಲ."

ಬಾಗಿಲಲ್ಲಿ ಮಗ, "ಕುಣಿಯಲಾರದವಳು..." ಎಂದು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದ. ಗಾದೆಯ ಉಳಿದರ್ಧ ನನಗೂ ಗೊತ್ತು.

ಕಂಪ್ಯೂಟರನ್ನು ಅವಳ ಕಡೆ ತಳ್ಳಿ ಎದ್ದು ಬಂದೆ. ಹನ್ನೊಂದು!

ಫೆಬ್ರವರಿ 5, ಬುಧವಾರ

ಬರೆಯುವಂಥದ್ದೇನಿಲ್ಲ. ಸೊಸೆಯ ಜೊತೆ ಮಾತಿಲ್ಲ. ಊಟಕ್ಕೆ ಉಪ್ಪು ಹೆಚ್ಚಾಗಿತ್ತು. ಅಡುಗೆ ನನ್ನದೇ.

ಫೆಬ್ರವರಿ 9, ಭಾನುವಾರ

ನಾಲ್ಕು ದಿನ ಆ ಹನ್ನೊಂದು ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. ಇವತ್ತು ನಾನೇ ಹೋಗಿ ಕೂತೆ. "ಹನ್ನೊಂದನ್ನೂ ಒಟ್ಟಿಗೆ ಹಾಕು" ಎಂದೆ. ಕ್ಷಮೆ ಕೇಳುವುದಕ್ಕಲ್ಲ. ಪರದೆಯ ತಪ್ಪು ತೋರಿಸುವುದಕ್ಕೆ.

ಹಾಕಿದಳು. ನೋಡಿದೆ, ಒಂದು ಗಂಟೆ. ಪರದೆಯ ಬಣ್ಣ ಸರಿಯಾಗಿಯೇ ಇತ್ತು.

ಮೊದಲನೆಯದು ಎಳೆಯದು ಎನ್ನಬಹುದು, ಬಲಿತದ್ದು ಎಂದರೂ ತಪ್ಪಿಲ್ಲ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಡುವಿನ ಬೀಜ ಬಲಿತಂತೆ ಕಾಣುತ್ತದೆ, ಅಂಚು ಇನ್ನೂ ಎಳಸು. ಕಾಯಿ ಹಣ್ಣಾಗದೆ ಬಣ್ಣ ಮಾತ್ರ ತಿರುಗಿದ ಹಾಗೆ.

"ಕೋಣೆಯಲ್ಲಿದ್ದಾಗ ಇಂಥದ್ದು ಬಂದ್ರೆ ಏನು ಮಾಡ್ತಿದ್ರಿ ಅತ್ತೆ?" ಎಂದು ಕೇಳಿದಳು.

"ಚುಕ್ಕಿ ಇಡ್ತಿದ್ದೆ."

"ಏನು ಚುಕ್ಕಿ?"

ಈ ವಿಷಯ ನಾನು ಯಾರಿಗೂ ಹೇಳಿದವಳಲ್ಲ. ಹೇಳುವಂಥದ್ದು ಎಂದೂ ಅನಿಸಿರಲಿಲ್ಲ. ರಿಪೋರ್ಟಿನಲ್ಲಿ "ಸರಿಯಾಗಿದೆ" ಎಂದೇ ಬರೆಯುತ್ತಿದ್ದೆ. ಆದರೆ ನನ್ನ ರಿಜಿಸ್ಟರಿನಲ್ಲಿ ಆ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣದೊಂದು ಚುಕ್ಕಿ ಇಡುತ್ತಿದ್ದೆ. ಇವರನ್ನು ಮತ್ತೆ ಕರೆಯಬೇಕು ಎಂದು ಅದರ ಅರ್ಥ. ಮೂರು ತಿಂಗಳಿಗೆ ಏನಾದರೂ ನೆಪ ಹೇಳಿ ಕರೆಸಿ ಇನ್ನೊಮ್ಮೆ ರಕ್ತ ತೆಗೆಯುತ್ತಿದ್ದೆ.

"ಈ ಹನ್ನೊಂದರಲ್ಲಿ ಎಷ್ಟಕ್ಕೆ ಚುಕ್ಕಿ ಇಡ್ತಿದ್ರಿ?"

"ಹನ್ನೊಂದಕ್ಕೂ. ಆದ್ರೆ ನಿನ್ನ ಕಂಪ್ಯೂಟರಲ್ಲಿ ಎರಡೇ ಗುಂಡಿ ಇದಾವಲ್ಲ! ಚುಕ್ಕಿ ಎಲ್ಲಿ ಇಡ್ಲಿ, ನಿನ್ನ ಹಣೆಗಾ?"

ಅವಳು ಎದ್ದು ನಿಂತಳು, ಕುರ್ಚಿ ಹಿಂದಕ್ಕೆ ಬಿತ್ತು. ಎತ್ತಲಿಲ್ಲ. ಬೇರೆ ಯಾವುದೋ ಪಟ್ಟಿ ತೆರೆದು ಬೆರಳಿಟ್ಟು ಓದಿದಳು. ಇವೆಲ್ಲ ಹಳೆಯ ಸ್ಲೈಡುಗಳು; ಆ ಜನ ಮುಂದೆ ಏನಾದರು ಎಂಬುದು ಅವಳ ಪಟ್ಟಿಯಲ್ಲಿದೆ. ಹನ್ನೊಂದು ಜನರಲ್ಲಿ ಎಂಟು ಜನ ಎರಡು ವರ್ಷದೊಳಗೆ ರಕ್ತದ ಕಾಯಿಲೆ ಬಿದ್ದಿದ್ದಾರೆ. ಸ್ಲೈಡು ತೆಗೆದ ದಿನ ಅವರೆಲ್ಲರ ರಿಪೋರ್ಟಿನಲ್ಲಿ ಬರೆದದ್ದು: ಸರಿಯಾಗಿದೆ.

"ಎಂಟು ವರ್ಷದಿಂದ ನಾವೆಲ್ಲ ಈ ತಪ್ಪೇ ಮಾಡ್ತಿದೀವಿ ಅತ್ತೆ. ತಿಳಿದವರಿಗೆ ಅನುಮಾನ ಬಂದಿರೋ ಚಿತ್ರಗಳನ್ನ ಕಸ ಅಂತ ಮೊದಲೇ ತೆಗೆದುಹಾಕ್ತೀವಿ. ಕಂಪ್ಯೂಟರ್ ಅವನ್ನ ನೋಡೋದೇ ಇಲ್ಲ."

"ನಿಮ್ಮ ಓದಿಗಿಷ್ಟು" ಎಂದೆ. ಕುರ್ಚಿಯನ್ನು ನಾನೇ ಎತ್ತಿದೆ.

ಫೆಬ್ರವರಿ 11, ಮಂಗಳವಾರ

ಮೂರನೆಯ ಗುಂಡಿ ಬಂದಿದೆ. ಅದರ ಮೇಲೆ ಅಕ್ಷರವಿಲ್ಲ, ಒಂದು ಚುಕ್ಕಿ ಮಾತ್ರ. ಎಲ್ಲ ಚಿತ್ರಗಳನ್ನೂ ಮತ್ತೆ ಮೊದಲಿನಿಂದ ನೋಡಬೇಕು. ಆ ಹನ್ನೊಂದರ ಫಲ ನನಗೆ ಗೊತ್ತಾಗಿಬಿಟ್ಟಿದೆ, ತೆಗೆದುಹಾಕು, ಉಳಿದವರಲ್ಲಿ ಯಾರು ಕಾಯಿಲೆ ಬಿದ್ದರೆಂದು ನನ್ನ ಮುಂದೆ ಉಸಿರೆತ್ತಬೇಡ ಎಂದೆ. "ನಾನೂ ಅದನ್ನೇ ಹೇಳೋಳಿದ್ದೆ" ಎಂದಳು. ಹುಡುಗಿಗೆ ಶಿಸ್ತಿದೆ.

ಎರಡೆರಡು ಸಲ ಬರುವುದನ್ನೂ ಸೇರಿಸು ಎಂದೆ. ನೂರು ಸೇರಿಸು.

ಮಾರ್ಚ್ 6, ಗುರುವಾರ

ಇದುವರೆಗೆ ಬರೆಯಲು ಪುರುಸೊತ್ತಿರಲಿಲ್ಲ. ಬೆಳಿಗ್ಗೆ ನಾನು, ಮಧ್ಯಾಹ್ನ ಅವಳು, ಸಂಜೆ ಇಬ್ಬರೂ. ಅಡುಗೆ ಮಗನ ಪಾಲಿಗೆ ಬಿದ್ದಿದೆ. ಲಿಫ್ಟಿಗೆ ಎಣ್ಣೆ ಹಾಕುವ ಹಾಗೆಯೇ ಪಲ್ಯಕ್ಕೂ ಹಾಕುತ್ತಾನೆ.

ಇವತ್ತು ಪರೀಕ್ಷೆ. ಬೇರೊಂದು ಆಸ್ಪತ್ರೆಯ ಚಿತ್ರಗಳು, ನಾನೂ ನೋಡಿಲ್ಲ, ಕಂಪ್ಯೂಟರೂ ನೋಡಿಲ್ಲ. ಮುಂದೆ ಕಾಯಿಲೆ ಬೀಳುವವರನ್ನು ಅದು ಈಗಲೇ ಹಿಡಿಯಬೇಕು. ಎರಡೇ ಗುಂಡಿ ಕಲಿತಿದ್ದ ಹಳೆಯದು ಹತ್ತರಲ್ಲಿ ನಾಲ್ವರನ್ನು ಹಿಡಿಯಿತು. ಚುಕ್ಕಿ ಕಲಿತದ್ದು ಹತ್ತರಲ್ಲಿ ಎಂಟು ಜನರನ್ನು ಹಿಡಿಯಿತು.

ಸೊಸೆ ಕುಣಿದಳು. ನಿಜವಾಗಿ, ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದಿದ್ದ ಮಗನನ್ನು ಎಳೆದುಕೊಂಡು. ನಂತರ ನನ್ನ ಕಡೆ ಬಂದಳು. ನನಗೆ ಇಂಥದ್ದೆಲ್ಲ ಆಗುವುದಿಲ್ಲ ಎಂದೆ. ಆದರೂ ಅಪ್ಪಿಕೊಂಡಳು. ಸೀರೆಗೆಲ್ಲ ಎಣ್ಣೆ.

ಮಾರ್ಚ್ 20, ಗುರುವಾರ

ನಾಲ್ಕು ಗಂಟೆಯ ರೈಲು ಪ್ರಯಾಣ. ಒಬ್ಬಳೇ ಹೋಗುವುದು ಬೇಡ ಎಂದು ನಾನೂ ಹೋದೆ.

ಮೊದಲು ಎಲ್ಲರ ಮುಂದೆ ಉಪನ್ಯಾಸ, ಆಮೇಲೆ ಮುಚ್ಚಿದ ಬಾಗಿಲೊಳಗೆ ಸಂದರ್ಶನ. ಉಪನ್ಯಾಸಕ್ಕೆ ಯಾರು ಬೇಕಾದರೂ ಕೂರಬಹುದು. ಹಿಂದಿನ ಸಾಲಿನಲ್ಲಿ ಕೂತೆ. ಸೊಸೆ ಮೊದಲು ಕಾಗದ ನೋಡಿಕೊಂಡೇ ಮಾತಾಡಿದಳು. ಚುಕ್ಕಿಯ ಕಥೆ ಬಂದಾಗ ಅದನ್ನು ಕೆಳಗಿಟ್ಟಳು.

ಮುಂದಿನ ಸಾಲಿನ ಮಧ್ಯದಲ್ಲಿ ಬಿಳಿ ಗಡ್ಡದವರೊಬ್ಬರು, ಆಯ್ಕೆ ಸಮಿತಿಯ ಹಿರಿಯರು. ಕೇಳಿದರು: "ನಿಮ್ಮ ಇಡೀ ಕೆಲಸ ಒಬ್ಬರೇ ತಜ್ಞರ ಕಣ್ಣಿನ ಮೇಲೆ ನಿಂತಿದೆ. ಅವರ ವಿದ್ಯಾರ್ಹತೆ ಏನು?"

"ಹೈಸ್ಕೂಲು" ಎಂದಳು ಸೊಸೆ.

ಅಲ್ಲಲ್ಲಿ ಕೆಮ್ಮಿದರು. ಒಬ್ಬ ನಕ್ಕ. ನನ್ನ ಕಿವಿ ಬಿಸಿಯಾಯಿತು.

"ಜೊತೆಗೆ ಮೂವತ್ನಾಲ್ಕು ವರ್ಷದ ಅನುಭವ. ಅವರು ಎಷ್ಟು ಸಲ ತಪ್ಪಿದಾರೆ ಅನ್ನೋ ಲೆಕ್ಕ ನನ್ನ ಹತ್ತಿರ ಇದೆ ಸರ್. ಅರವತ್ತಕ್ಕೆ ಹನ್ನೊಂದು. ಮೂರನೇ ಗುಂಡಿ ಕೊಟ್ಟ ಮೇಲೆ ನೂರಕ್ಕೆ ನಾಲ್ಕು. ಇಲ್ಲಿರೋ ಬೇರೆ ಯಾವ ತಜ್ಞರಾದ್ರೂ ತಮ್ಮ ತಪ್ಪಿನ ಲೆಕ್ಕ ಕೊಟ್ರೆ ಅವರನ್ನೂ ಸೇರಿಸ್ಕೊಳ್ತೀನಿ."

ಗಡ್ಡದವರು ಕೇಳಿದರು, "ಅವರನ್ನ ಭೇಟಿ ಮಾಡಬಹುದಾ?"

"ಹಿಂದೆ ಕೂತಿದಾರೆ, ಸರ್. ನಮ್ಮ ಅತ್ತೆ."

ನೂರು ತಲೆ ತಿರುಗಿದವು. ಎದ್ದು ನಿಂತೆ. ಕೂತುಕೊಂಡು ಉತ್ತರ ಕೊಡುವವಳಲ್ಲ ನಾನು.

"ಅಮ್ಮ, ಆ ಕಣಗಳಲ್ಲಿ ಕಾಯಿಲೆ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗಲಿಲ್ಲ. ಗೊತ್ತಾಗ್ತಿಲ್ಲ ಅನ್ನೋದು ಗೊತ್ತಾಯ್ತು. ಅದಕ್ಕೆ ಚುಕ್ಕಿ ಇಟ್ಟೆ."

ಅವರು ಗಡ್ಡದ ಮೇಲೆ ಕೈಯಾಡಿಸಿ, "ನಲವತ್ತು ವರ್ಷದಿಂದ ಇದನ್ನೇ ನನ್ನ ವಿದ್ಯಾರ್ಥಿಗಳ ಬಾಯಿಂದ ಹೇಳಿಸೋಕೆ ಒದ್ದಾಡ್ತಿದೀನಿ" ಎಂದರು. ಆಗ ಚಪ್ಪಾಳೆ ಬಿತ್ತು. ಮೊದಲು ಶುರು ಮಾಡಿದವನು, ಬರೆದಿಡುತ್ತೇನೆ, ಆ ನಕ್ಕವನೇ.

ವಾಪಸ್ ಬರುವಾಗ ರೈಲಿನಲ್ಲಿ ಸೊಸೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಭುಜ ಜೋಮು ಹಿಡಿಯಿತು. ಎಬ್ಬಿಸಲಿಲ್ಲ. ಪಾಪ, ದಣಿದಿದ್ದಳು.

ಮಾರ್ಚ್ 28, ಶುಕ್ರವಾರ

ಸಿಕ್ಕಿತು! ಪ್ರಯೋಗಾಲಯ ಅವಳದು, ಹುದ್ದೆ ಕಾಯಂ. ಸಿಕ್ಕೇ ಸಿಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು.

"ನಿನ್ನ ಕೆಲಸ?" ಎಂದು ಮಗನನ್ನು ಕೇಳಿದೆ.

"ಲಿಫ್ಟ್ ಎಲ್ಲಾ ಊರಲ್ಲೂ ಕೆಡುತ್ತೆ ಅಮ್ಮ. ಯೋಚನೆ ಮಾಡ್ಬೇಡ. ನೀನೂ ನಮ್ಮ ಜೊತೆ ಬಾ."

ಮಧ್ಯಾಹ್ನ, ಅಂದು ಆಡಿದ್ದ ಮಾತಿನಂತೆ ದಾಖಲೆ ವಿಭಾಗಕ್ಕೆ ನಾನೇ ಹೋಗಿ, "ನಮ್ಮ ಸೊಸೆಗೆ ಈ ಕೆಲಸ ಬೇಡ. ಅವಳಿಗೆ ದೊಡ್ಡದು ಸಿಕ್ಕಿದೆ" ಎಂದು ಹೇಳಿ ಬಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ಕಾರಿಡಾರಿನಲ್ಲಿದ್ದವರಿಗೂ ಕೇಳಲಿ ಎಂದು.

ಸಂಜೆ ಸೊಸೆ ಕಾಗದಗಳನ್ನು ಜೋಡಿಸುತ್ತ, ಸಂಸ್ಥೆಯಲ್ಲಿ ಎರಡು ವರ್ಷದ ತರಬೇತಿ ಸೀಟೊಂದಿದೆ ಎಂದಳು. ವಿಜ್ಞಾನ ಓದಿ, ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಅದರಿಂದ ದೂರವಾದ ಹೆಂಗಸರಿಗಂತೆ. ಸಂಬಳವೂ ಉಂಟು. ಯಾರಿಗೆ ಎಂದು ಅವಳು ಹೇಳಲಿಲ್ಲ. ಅರ್ಜಿಯನ್ನು ಮೇಜಿನ ಮೇಲೆ, ನನ್ನ ಕಡೆಗೆ ತಿರುಗಿಸಿಟ್ಟು ಒಳಗೆ ಹೋದಳು. ಜಾಣೆ.

ಮಾರ್ಚ್ 30, ಭಾನುವಾರ

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆವತ್ತು ನಾನು ಡ್ಯೂಟಿ ಮುಗಿಸಿ ಬಂದು ಪಾತ್ರೆ ತೊಳೆಯುತ್ತಿದ್ದೆ. ಮಗಳು ಕಾಗದ ಹಿಡಿದು ಬಾಗಿಲಲ್ಲಿ ನಿಂತಳು. "ಅಮ್ಮ, ಹೋಗ್ಲಾ?" ನಾನು ತಿರುಗಿಯೂ ನೋಡದೆ ಬೇಡ ಎಂದೆ. ನೀರಿನ ಶಬ್ದಕ್ಕೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಅವಳಿಗೆ ಮೊದಲನೆಯ ಸಲವೇ ಕೇಳಿಸಿತ್ತು.

ತಪ್ಪು ಎಂದು ಬರೆಯುತ್ತಿಲ್ಲ. ಆಗಿನ ಪರಿಸ್ಥಿತಿಯೇ ಹಾಗಿತ್ತು. ಯಜಮಾನರು ಹೋಗಿ ಒಂದು ವರ್ಷವೂ ಆಗಿರಲಿಲ್ಲ. ಆದರೆ ಅಷ್ಟು ಬೇಗ ಗುಂಡಿ ಒತ್ತಬೇಕಾಗಿರಲಿಲ್ಲ.

ಏಪ್ರಿಲ್ 3, ಗುರುವಾರ

ಆಸ್ಪತ್ರೆಯ ಔಷಧಿ ಕೌಂಟರಿಗೆ ಹೋದೆ. ಹಳೆಯ ಪರಿಚಯದ ಕಾವಲುಗಾರ ಹಿಂದಿನ ಬಾಗಿಲು ತೆಗೆಯಲು ಬಂದ. ಬೇಡ ಎಂದೆ. ಸಾಲಿನಲ್ಲಿ ನಿಂತೆ. ನಲವತ್ತು ನಿಮಿಷ.

ನನ್ನ ಸರದಿ ಬಂದಾಗ ಮಗಳು ತಲೆಯೆತ್ತದೆ, "ಚೀಟಿ ಕೊಡಿ" ಎಂದಳು. ಅರ್ಜಿಯನ್ನು ಕಿಂಡಿಯೊಳಗೆ ತಳ್ಳಿದೆ.

"ಇದೇನು? ಇದು ಔಷಧಿ ಚೀಟಿ ಅಲ್ಲ..." ಎಂದು ಮುಖ ಎತ್ತಿದಳು. "ಅಮ್ಮ? ಇಲ್ಲೇನು ಮಾಡ್ತಿದೀಯ?"

"ಓದು."

ಓದಿದಳು. ಎರಡನೆಯ ಸಲ ಓದಿದಳು. ಹಿಂದಿನಿಂದ ಒಬ್ಬ, "ಅಜ್ಜಿ, ಬೇಗ ಮುಗಿಸಿ, ಬಸ್ಸಿಗೆ ಹೊತ್ತಾಯ್ತು" ಎಂದ. ಇನ್ನೊಂದು ಬಸ್ಸು ಬರುತ್ತದೆ ನಿಲ್ಲಪ್ಪ ಎಂದೆ.

"ನನಗೆ ನಲವತ್ತನಾಲ್ಕು ವರ್ಷ, ಅಮ್ಮ."

"ನನಗೆ ಎಪ್ಪತ್ತು. ಮೊನ್ನೆ ಮೊನ್ನೆ ಹೊಸ ಗುಂಡಿ ಒತ್ತೋದು ಕಲಿತೆ."

"ಮನೆ? ಮಗಳ ಶಾಲೆ?"

"ನಾನು ಬಂದು ಇರ್ತೀನಿ."

"ನೀನಾ? ಅಳಿಯನ ಮನೇಲಿ ಒಂದು ರಾತ್ರಿನೂ ಇರಲ್ಲ ಅಂದವಳು?"

"ಅಂದಿದ್ದೆ."

ಅರ್ಜಿಯನ್ನು ಅವಳು ಅಂಗೈಯಿಂದ ಒತ್ತಿ ನೇರ ಮಾಡಿದಳು. ಮೆಲ್ಲಗೆ, ಗಾಜಿಗೆ ಮಾತ್ರ ಕೇಳುವ ಹಾಗೆ, "ಆವತ್ತು ಬೇಡ ಅಂದ್ಯಲ್ಲಮ್ಮ" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಮಾತೆತ್ತಿದಳು.

"ಅಂದೆ. ಈಗ ಮತ್ತೆ ಕರೀತಿದೀನಿ."

ಕಿಂಡಿ ಸಣ್ಣದು. ಕೈ ಮಾತ್ರ ಹೋಗುತ್ತದೆ. ಅವಳು ಹಿಡಿದುಕೊಂಡಳು. ಬಸ್ಸಿನವನು ಏನೋ ಗೊಣಗಲು ಹೋದ. ಅವನ ಹಿಂದಿನ ಹೆಂಗಸು, "ಸುಮ್ನಿರಿ, ಏನೋ ಒಳ್ಳೇದು ನಡೀತಿದೆ" ಎಂದು ಗದರಿದಳು.

ಏಪ್ರಿಲ್ 17, ಗುರುವಾರ

ಮಗಳ ಹೆಸರು ಆಯ್ಕೆ ಪಟ್ಟಿಯಲ್ಲಿದೆ. ಆಯ್ಕೆಯಲ್ಲಿ ಸೊಸೆ ಕೈಹಾಕಲಿಲ್ಲ. ಹಾಕಿದ್ದರೆ ನಾನೇ ಬಿಡುತ್ತಿರಲಿಲ್ಲ. ಬಿಳಿ ಗಡ್ಡದವರು ಸಂದರ್ಶನದಲ್ಲಿ ಇಷ್ಟು ವರ್ಷ ಏನು ಮಾಡಿದಿರಿ ಎಂದು ಕೇಳಿದರಂತೆ. "ಡಾಕ್ಟರುಗಳ ಅಕ್ಷರ ಓದಿದೆ" ಎಂದಳಂತೆ. ಅದನ್ನು ಯಾವ ಕಂಪ್ಯೂಟರೂ ಇನ್ನೂ ಕಲಿತಿಲ್ಲ ಎಂದು ಅವರು ನಕ್ಕರಂತೆ. ನನ್ನ ಮಗಳು.

ಮೇ 5, ಸೋಮವಾರ

ಅಳಿಯಂದಿರ ಮನೆ. ಮಹಡಿಯ ಕೋಣೆ, ಕಿಟಕಿಯಿಂದ ರಸ್ತೆ ಕಾಣುತ್ತದೆ. ನನ್ನ ಮನೆಗೆ ಬೀಗ ಹಾಕಿ ಕೀಲಿಗೊಂಚಲನ್ನು ಮಗನ ಕೈಗೆ ಕೊಟ್ಟಾಯಿತು. ಅವನೂ ಸೊಸೆಯೂ ಹೋಗಿ ವಾರವಾಯಿತು. ಮಗಳು ಅಲ್ಲಿ ಅವರ ಜೊತೆಯಲ್ಲೇ ಇರುತ್ತಾಳೆ.

ಅಳಿಯಂದಿರು ಮುದ್ರಣಾಲಯದ ಕೆಲಸದವರು, ಮಿತಭಾಷಿ. ನಿನ್ನೆ ಧೈರ್ಯ ಮಾಡಿ, "ಅತ್ತೆ, ಮನೆಯೆಲ್ಲ ನಿಮ್ಮದೇ. ಅಡುಗೆಮನೆ ಮಾತ್ರ ನನಗೇ ಇರಲಿ" ಎಂದರು. ಆ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಅವರ ಸಾರು ಪರವಾಗಿಲ್ಲ.

ಮೊಮ್ಮಗಳು ಶಾಲೆಯ ವಿಜ್ಞಾನ ಶಿಬಿರದ ಚೀಟಿ ತಂದಳು. ಮೂರು ದಿನ, ಬೇರೆ ಊರು. "ಅಜ್ಜಿ, ಹೋಗ್ಲಾ?" ಬೇಡ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. "ನೋಡೋಣ" ಎಂದೆ.

ಬೆಳಿಗ್ಗೆ ನಿಲ್ದಾಣದಲ್ಲಿ ಮಗಳ ಚೀಲವನ್ನು ನಾನೇ ಹೊತ್ತು ರೈಲಿನ ಡಬ್ಬಿಯವರೆಗೆ ಹೋದೆ. ಅವಳು ಬೇಡ ಬೇಡ ಎಂದಳು. ನಾನು ಯಾರ ಮಾತು ಕೇಳಿದ್ದೇನೆ? ಸೀಟಿನ ಮೇಲೆ ಚೀಲ ಇಡುವಾಗ ಪಕ್ಕದ ಜೇಬಿಗೆ ಕೈ ಹಾಕಿದೆ. ಅವಳು ನೋಡಲಿಲ್ಲ. ಅಲ್ಲಿ ತೆರೆದಾಗ ನೋಡುತ್ತಾಳೆ.

ಇದನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಪೆನ್ಸಿಲನ್ನು ಆರೂ ನಲವತ್ತರ ರೈಲಿನಲ್ಲಿ ಕಳಿಸಿಬಿಟ್ಟೆ.